ಎರಡು ಬೆರಳಷ್ಟು ಸಡಿಲ

ನಮ್ಮ ಅತ್ತೆಯ ಹೊಲಿಗೆ ಅಂಗಡಿಯ ಗೋಡೆಯ ಮೇಲೆ ಒಂದು ಹಲಗೆ ಇತ್ತು: 'ಅಳತೆ ತಪ್ಪಿದರೆ ಹೊಲಿಗೆ ಪುಕ್ಕಟೆ.' ಅದನ್ನು ನಂಬಿ ಪುಕ್ಕಟೆ ಹೊಲಿಗೆ ಗಿಟ್ಟಿಸಲು ನಲವತ್ತು ವರ್ಷಗಳಲ್ಲಿ ಬಂದವರು ಒಬ್ಬರೇ, ಎದುರು ಸಾಲಿನ ಫೋಟೋ ಸ್ಟುಡಿಯೋದವರು. ಕೋಟಿನ ಗುಂಡಿ ಹಾಕಲು ಬರುತ್ತಿಲ್ಲ ಎಂದು ತಕರಾರು ತೆಗೆದಿದ್ದರು. ಅತ್ತೆ ಅವರನ್ನು ಕನ್ನಡಿಯ ಮುಂದೆ ನಿಲ್ಲಿಸಿ, ಅಳತೆಪುಸ್ತಕ ತೆರೆದು, ಆರು ತಿಂಗಳಲ್ಲಿ ಹೊಟ್ಟೆ ಮೂರು ಇಂಚು ಮುಂದೆ ಬಂದದ್ದನ್ನು ಅಂಗಡಿಗೆಲ್ಲ ಕೇಳುವಂತೆ ಓದಿದರು. ಅವರು ಕೋಟು ಎತ್ತಿಕೊಂಡು ಹೋದರು. ಆಮೇಲೆ ನಮ್ಮ ಬೀದಿಯಲ್ಲಿ ಅತ್ತೆಯ ಟೇಪಿನ ಜೊತೆ ವಾದಕ್ಕೆ ಇಳಿದವರಿಲ್ಲ.

ಅತ್ತೆ ಎಂದರೆ ನಮ್ಮ ಅಪ್ಪನ ಅಕ್ಕ. ಕಾಲೇಜು ನನಗೆ ಒಗ್ಗಲಿಲ್ಲ, ಅಥವಾ ಕಾಲೇಜಿಗೆ ನಾನು ಒಗ್ಗಲಿಲ್ಲ. ಇಪ್ಪತ್ತನೆಯ ವಯಸ್ಸಿಗೆ ಅವರ ಅಂಗಡಿಯಲ್ಲಿ ಗುಂಡಿ ತೂರುವ ಕಾಜ ಮಾಡುತ್ತ ಕುಳಿತೆ. ಈಗ ಅದೇ ಅಂಗಡಿಯಲ್ಲಿ, ಅದೇ ಕಿಟಕಿಯ ಪಕ್ಕ, ಅವರ ಕುರ್ಚಿಯಲ್ಲಿ ನಾನಿದ್ದೇನೆ. ಹಲಗೆ ಮಾತ್ರ ಇಲ್ಲ. ಅದನ್ನು ಇಳಿಸಿದ್ದು ಅತ್ತೆಯೇ. ಯಾಕೆ ಇಳಿಸಿದರು ಎಂದು ಹೇಳಬೇಕಾದರೆ ಒಂದು ಕುದುರೆಯ ವಿಷಯ ಹೇಳಬೇಕು.

ಅತ್ತೆ ಎತ್ತರದ ಗಟ್ಟಿ ಆಳು. ಕೋಪ ಮೂಗಿನ ತುದಿಯಲ್ಲೇ. ಬೆಳಿಗ್ಗೆ ಮುಖ ತೊಳೆದ ಕೂಡಲೇ ಕೊರಳಿಗೆ ಹಳದಿ ಟೇಪು ಬೀಳುತ್ತಿತ್ತು, ಮಲಗುವಾಗಲೇ ಅದು ಇಳಿಯುತ್ತಿದ್ದದ್ದು. ಮದುವೆಯಾಗಿರಲಿಲ್ಲ. ಕೇಳಿದವರಿಗೆ, "ಸರಿಯಾದ ಅಳತೆಯವನು ಸಿಗಲಿಲ್ಲ" ಎಂದು ನಗದೆ ಹೇಳುತ್ತಿದ್ದರು. ಕೇಳಿದವರು ನಗಬೇಕೋ ಬೇಡವೋ ತಿಳಿಯದೆ ಚಪ್ಪಲಿ ಹುಡುಕುತ್ತಿದ್ದರು.

ಅಳತೆ ತೆಗೆಯುವಾಗ ಟೇಪಿನ ಒಳಗೆ ಯಾವಾಗಲೂ ತಮ್ಮ ಎರಡು ಬೆರಳು ಇಡುತ್ತಿದ್ದರು. ಎದೆಯಾಗಲಿ ಸೊಂಟವಾಗಲಿ, ಟೇಪು ಮೈಗೆ ಅಂಟಿ ನಿಲ್ಲುವಂತಿರಲಿಲ್ಲ. "ಮನುಷ್ಯ ಉಸಿರಾಡ್ತಾನೆ ಕಣೇ, ಉಣ್ತಾನೆ, ಬಗ್ತಾನೆ, ನಗ್ತಾನೆ. ಅದೆಲ್ಲ ಬಟ್ಟೆಗೆ ಗೊತ್ತಿರಬೇಕು" ಎನ್ನುತ್ತಿದ್ದರು. ಹಾಗೆ ಬಂದ ಲೆಕ್ಕವನ್ನೇ ಪುಸ್ತಕಕ್ಕೆ ಬರೆಯುವುದು. ಬೆರಳಿನದನ್ನು ಕಳೆಯುವ ಪದ್ಧತಿ ನಮ್ಮಲ್ಲಿರಲಿಲ್ಲ. ಹಾಗಾಗಿ ಪುಸ್ತಕದಲ್ಲಿ ಇರುತ್ತಿದ್ದದ್ದು ಮೈಯ ಅಳತೆಯಲ್ಲ, ಬಟ್ಟೆಯ ಅಳತೆ. ಇದು ನಮಗೆ ಎಷ್ಟು ರೂಢಿಯಾಗಿತ್ತೆಂದರೆ ಅವೆರಡೂ ಬೇರೆ ಬೇರೆ ಎಂಬುದೇ ಮರೆತುಹೋಗಿತ್ತು.

ಹೊಲಿಗೆಯ ಒಳಗೆ ಹೆಚ್ಚಿನ ಬಟ್ಟೆ ಬಿಡುವುದರಲ್ಲೂ ಅವರದು ದೊಡ್ಡ ಕೈ. ಯಾರಾದರೂ ದಪ್ಪಗಾಗಿ ಬಂದರೆ ಹೊಲಿಗೆ ಬಿಚ್ಚಿ ಅಗಲ ಮಾಡಿಕೊಡುತ್ತಿದ್ದರು. ಆಗ ಹಳೆಯ ಹೊಲಿಗೆ ಇದ್ದ ಗೆರೆಯ ಮೇಲೆ, ಒಳಮಗ್ಗುಲಲ್ಲಿ, ಬಣ್ಣದ ದಾರದಿಂದ ಒಂದು ಸಾಲು ಕೈಹೊಲಿಗೆ ಓಡಿಸುತ್ತಿದ್ದರು. ಮುಂದೆ ಆ ಮನುಷ್ಯ ಇಳಿದು ಬಂದರೆ ವಾಪಸು ಹೋಗುವ ದಾರಿ ಗೊತ್ತಿರಲಿ ಎಂದು. ಬ್ಯಾಂಕಿನ ಗುಮಾಸ್ತರ ಪ್ಯಾಂಟಿನ ಒಳಗೆ ಇಂಥ ನಾಲ್ಕು ಬಣ್ಣದ ಸಾಲುಗಳಿದ್ದವು. ಯಾರು ಮದುವೆಯಾದ ಮೇಲೆ ತುಂಬಿಕೊಂಡರು, ಯಾರು ಹೆಂಡತಿ ಸತ್ತ ಮೇಲೆ ಕರಗಿದರು ಎಲ್ಲವೂ ನಮ್ಮ ಅಂಗಡಿಗೆ ಗೊತ್ತಿತ್ತು, ಹೊರಗೆ ಬಾಯಿ ಬಿಡುತ್ತಿರಲಿಲ್ಲ ಅಷ್ಟೆ.

ಅತ್ತೆಗೆ ಐವತ್ತೆಂಟಾಗಿದ್ದಾಗ ಊರ ಹೊರಗಿನ ಪ್ರಾಣಿ ರಕ್ಷಣಾ ಕೇಂದ್ರದವರು ಕೆಲಸದವರಿಗೆಂದು ಹನ್ನೆರಡು ಏಪ್ರನ್ ಹೊಲಿಸಿದರು. ತಲುಪಿಸಲು ಅತ್ತೆಯೂ ನಾನೂ ಬಸ್ಸಿನಲ್ಲಿ ಹೋದೆವು. ಇಟ್ಟಿಗೆ ಗೂಡುಗಳಲ್ಲಿ ಗಾಡಿ ಎಳೆಯುತ್ತಿದ್ದ ಹನ್ನೊಂದು ಕುದುರೆಗಳನ್ನು ಅದೇ ವಾರ ಬಿಡಿಸಿ ತಂದಿದ್ದರು. ಅಂಗಳದ ಮೂಲೆಯಲ್ಲಿ ಒಂದು ಕಂದು ಬಣ್ಣದ ಹೆಣ್ಣುಕುದುರೆ ಗೋಡೆಗೆ ಮುಖ ಮಾಡಿ ನಿಂತಿತ್ತು. ಪಕ್ಕೆಲುಬು ದೂರದಿಂದಲೇ ಎಣಿಸಬಹುದಾಗಿತ್ತು. ಮುಂಗಾಲಿನ ಹಿಂದೆ, ಹೊಟ್ಟೆಪಟ್ಟಿ ಬಿಗಿಯುವ ಜಾಗದಲ್ಲಿ, ಕೂದಲೇ ಇಲ್ಲದ ಕೆಂಪು ಬರೆ ಸುತ್ತ ಹೋಗಿತ್ತು. ಅತ್ತೆ ಏಪ್ರನ್‌ಗಳ ಗಂಟು ನನ್ನ ಕೈಗೆ ಕೊಟ್ಟು ಹತ್ತಿರ ಹೋದರು.

"ಯಾರೇ ನಿನಗೆ ಇಷ್ಟು ಬಿಗಿ ಮಾಡಿದ್ದು?" ಎಂದು ಕೇಳಿದರು. ಕುದುರೆ ಒಂದು ಕಿವಿಯನ್ನು ಮಾತ್ರ ಇವರ ಕಡೆ ತಿರುಗಿಸಿತು.

ಅತ್ತೆಗೆ ಕುದುರೆ ಹೊಸದಲ್ಲ. ನಮ್ಮ ತಾತ ಗಾಡಿ ಹೊಡೆದು ಸಂಸಾರ ನಡೆಸಿದವರು. ಗಿರಣಿಯಿಂದ ಬಟ್ಟೆಯ ಮೂಟೆಗಳನ್ನು ಸ್ಟೇಷನ್ನಿಗೆ ಸಾಗಿಸುತ್ತಿದ್ದರು. ಗಿರಣಿಯವರು ಲಾರಿ ತಂದಾಗ ತಾತನ ಕುದುರೆಗೆ ಕೆಲಸ ಹೋಯಿತು. ಕೊಂಡವರು ಕರೆದೊಯ್ಯಲು ಬಂದ ದಿನ ಅದು ಹೆಜ್ಜೆ ಕೀಳಲೊಲ್ಲದು. "ನೀನು ಹಿಡಿದರೆ ಬರುತ್ತೆ ಮಗಳೇ" ಎಂದು ತಾತ ಒಂಬತ್ತು ವರ್ಷದ ಅತ್ತೆಯ ಕೈಗೆ ಹಗ್ಗ ಕೊಟ್ಟರಂತೆ. ಅತ್ತೆಯ ಹಿಂದೆ ಅದು ಸುಮ್ಮನೆ ನಡೆದು ಬೇರೆಯವರ ವಾಹನ ಹತ್ತಿತಂತೆ. ಅವತ್ತು ಅತ್ತೆಗೆ ಹೊಸ ಫ್ರಾಕು ಕೊಡಿಸಿದ್ದರು. "ಕಂಕುಳಲ್ಲಿ ಕೊರೀತಿತ್ತು ಕಣೇ ಅದು, ಕೈ ಎತ್ತೋಕೆ ಆಗ್ತಿರಲಿಲ್ಲ" ಎಂದು ಅತ್ತೆ ಈ ಕಥೆ ಮುಗಿಸುತ್ತಿದ್ದರು. ಕುದುರೆಯ ಬಗ್ಗೆ ಅದಕ್ಕಿಂತ ಹೆಚ್ಚು ಹೇಳುತ್ತಿರಲಿಲ್ಲ.

ಕಂದು ಕುದುರೆಯನ್ನು ಮನೆಗೆ ತರುತ್ತೇನೆಂದಾಗ ಅಪ್ಪ ತಲೆಯ ಮೇಲೆ ಕೈ ಹೊತ್ತು ಕುಳಿತ.

"ಅಕ್ಕ, ಬೆಕ್ಕು ಸಾಕು. ನಾಯಿ ಸಾಕು. ಗಿಳಿ ತಂದುಕೊಡಲಾ? ಈ ವಯಸ್ಸಲ್ಲಿ ಕುದುರೆ ಯಾಕೆ, ಸವಾರಿ ಹೋಗ್ತೀಯಾ?"

"ನಿನ್ನನ್ನ ಸಾಕಲಿಲ್ವಾ ನಾನು? ನೀನು ಅದಕ್ಕಿಂತ ಜಾಸ್ತಿ ತಿಂತಿದ್ದೆ" ಎಂದರು ಅತ್ತೆ.

ಅಲ್ಲಿಗೆ ಆ ಚರ್ಚೆ ಮುಗಿಯಿತು. ಅಂಗಡಿಯ ಹಿಂದೆ ಮುಚ್ಚಿಹೋದ ಸೌದೆ ಡಿಪೋದ ಅಂಗಳವೂ ಒಂದು ತಗಡಿನ ಶೆಡ್ಡೂ ಇದ್ದವು. ಬಾಯಿ ಬೈಯುತ್ತಿದ್ದರೂ ಅಪ್ಪನ ಕೈ ಶೆಡ್ಡಿಗೆ ಬಾಗಿಲು ಕೂರಿಸಿತು. ಪಕ್ಕದ ಸೈಕಲ್ ಅಂಗಡಿಯವರು ಬಂದು ನೋಡಿ, "ಪಂಕ್ಚರ್ ಆದರೆ ನನ್ನ ಹತ್ತಿರ ತರಬೇಡಿ" ಎಂದು ಹೇಳಿ ಹೋದರು. ಹಣೆಯ ಮೇಲೆ ದುಂಡನೆಯ ಬಿಳಿ ಮಚ್ಚೆಯಿದ್ದ ಕುದುರೆ ಒಂದು ಭಾನುವಾರ ಬಂತು. ಕೋಟಿಗೆ ಹಾಕುವ ಗುಂಡಿಯ ಹಾಗಿದೆ ಎಂದು ಅತ್ತೆ ಅದನ್ನು ಗುಂಡಿ ಎಂದೇ ಕರೆದರು.

ಕೇಂದ್ರದವರ ಷರತ್ತು ಸರಳವಾಗಿತ್ತು. ಮೂರು ತಿಂಗಳು ಪರೀಕ್ಷೆಗೆಂದು ಇಟ್ಟುಕೊಳ್ಳಬಹುದು. ಎದೆಸುತ್ತಿನ ಅಳತೆ ಅಷ್ಟರಲ್ಲಿ ಎರಡು ಇಂಚಾದರೂ ಹೆಚ್ಚಿರಬೇಕು. ಹೆಚ್ಚದಿದ್ದರೆ ಈ ಮನೆ ಅದಕ್ಕೆ ಆಗಿಬರಲಿಲ್ಲವೆಂದು ದೂರದ ಅವರದೇ ಫಾರ್ಮಿಗೆ, ಇನ್ನೂ ನಲವತ್ತು ಕುದುರೆಗಳ ನಡುವೆ, ಕಳಿಸುತ್ತಾರೆ. ಆದರೆ ಮೊದಲ ಅಳತೆಯ ಜಾಗ ಅವರ ಕಾಗದದಲ್ಲಿ ಖಾಲಿ ಇತ್ತು. ಹೊಟ್ಟೆಯ ಸುತ್ತ ಏನನ್ನಾದರೂ ತಂದರೆ ಗುಂಡಿ ಗೋಡೆ ಒದೆಯುತ್ತಿತ್ತು, ಹಾಗಾಗಿ ಅಲ್ಲಿ ಯಾರಿಗೂ ಅಳೆಯಲಾಗಿರಲಿಲ್ಲ. "ನಿಮ್ಮ ಕಸುಬೇ ಅದಲ್ವಾ, ಅದು ಸ್ವಲ್ಪ ಪಳಗಿದ ಮೇಲೆ ನೀವೇ ಅಳೆದು ಬರೆದುಬಿಡಿ" ಎಂದಿದ್ದರು.

ಅತ್ತೆ ನಾಲ್ಕು ದಿನ ಟೇಪು ಕೊರಳಲ್ಲಿ ಹಾಕಿಕೊಂಡು ಶೆಡ್ಡಿನಲ್ಲಿ ಸ್ಟೂಲಿನ ಮೇಲೆ ಕುಳಿತು ಕಾಜ ಮಾಡಿದರು. ಗುಂಡಿ ಟೇಪನ್ನು ಮೂಸಿತು, ತುದಿಯನ್ನು ಅಗಿದು ನೋಡಿತು, ರುಚಿಸದೆ ಬಿಟ್ಟಿತು. ಐದನೆಯ ದಿನ ಅತ್ತೆ ಟೇಪನ್ನು ಮೆಲ್ಲನೆ ಬೆನ್ನಿನ ಮೇಲಿಂದ ಇಳಿಬಿಟ್ಟು ಕೆಳಗಿಂದ ತಂದರು. ಬರೆಯ ಮೇಲೆ ತಾಗದಂತೆ ಈ ಪಕ್ಕ ಎರಡು ಬೆರಳು ಇಟ್ಟರು. ಆಮೇಲೆ, "ದೊಡ್ಡ ಮೈ, ಅದಕ್ಕೆ ತಕ್ಕ ಸಡಿಲ ಬೇಕು" ಎಂದು ಆ ಪಕ್ಕ ನನ್ನ ಎರಡು ಬೆರಳನ್ನೂ ಇಡಿಸಿದರು. ಇಬ್ಬರ ಬೆರಳೂ ಸಣ್ಣವಲ್ಲ, ನೆಟ್ಟಗೆ ನಿಲ್ಲಿಸಿಯೇ ಹಿಡಿದಿದ್ದೆವು. ಅರವತ್ತೆರಡು ಇಂಚು. ಅತ್ತೆ ಕಾಗದದ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಸಹಿ ಹಾಕಿದರು. ನಾನೂ ನೋಡಿದೆ. ಇಬ್ಬರಿಗೂ ಏನೂ ಅನಿಸಲಿಲ್ಲ.

ಚಳಿಗಾಲ ಬಂತು. ಗುಂಡಿಯ ಮೈಮೇಲೆ ಕೂದಲು ಅಲ್ಲಲ್ಲಿ ಉದುರಿತ್ತು. ಅತ್ತೆ ಒಂದು ಹಳೆಯ ಬೂದು ಕಂಬಳಿಗೆ ಒಳಗೆ ಮೆತ್ತನೆಯ ಬಟ್ಟೆ ಕೊಟ್ಟು ಕೋಟು ಹೊಲಿದರು. ಪಟ್ಟಿಯೆಂದರೆ ಗುಂಡಿ ಹೆದರುತ್ತಿದ್ದರಿಂದ ಪಟ್ಟಿಯಿಲ್ಲ. ಅಗಲವಾದ ಒಂದು ಮಡಿಕೆ ಹೊಟ್ಟೆಯ ಕೆಳಗಿಂದ ಬಂದು ಪಕ್ಕದಲ್ಲಿ ಆರು ಗುಂಡಿಗಳಿಂದ ಮುಚ್ಚಿಕೊಳ್ಳುತ್ತಿತ್ತು. ಓವರ್‌ಕೋಟಿನ ಗುಂಡಿಗಳು. ಎದೆಯ ಬಳಿ ಒಂದು ಜೇಬೂ ಇತ್ತು. "ಕುದುರೆಗೆ ಜೇಬು ಯಾಕೆ ಅತ್ತೆ?" ಎಂದರೆ, "ಕೈ ಓಡಿಬಿಡ್ತು ಕಣೇ" ಎಂದು ನಾಚಿಕೊಂಡರು. ಆ ಜೇಬಿನಲ್ಲಿ ಆಮೇಲೆ ಯಾವಾಗಲೂ ಒಂದು ಕ್ಯಾರೆಟ್ ಇರುತ್ತಿತ್ತು, ಅದು ಗುಂಡಿಗೂ ಗೊತ್ತಿತ್ತು.

ಆ ಮೂರು ತಿಂಗಳನ್ನು ನೆನೆದರೆ ಈಗಲೂ ನನಗೆ ಒಣಹುಲ್ಲಿನ ವಾಸನೆಯೂ ಇಸ್ತ್ರಿಪೆಟ್ಟಿಗೆಯ ವಾಸನೆಯೂ ಒಟ್ಟಿಗೇ ಬರುತ್ತವೆ. ಬೆಳಿಗ್ಗೆ ಅಂಗಡಿಯ ಹಿಂಬಾಗಿಲು ತೆರೆದರೆ ಗುಂಡಿಯ ತಲೆ ಒಳಗೆ ಬರುತ್ತಿತ್ತು. ಹೊಲಿಗೆ ಯಂತ್ರದ ಸದ್ದು ಅದಕ್ಕೆ ಇಷ್ಟ. ಸದ್ದು ನಿಂತರೆ ಕಾಲಿನಿಂದ ನೆಲ ಕೆರೆಯುತ್ತಿತ್ತು. ಅಳತೆ ಕೊಡಲು ಬಂದ ಹೆಡ್‌ಮಾಸ್ಟರರ ಹೆಗಲ ಮೇಲೆ ಒಮ್ಮೆ ಅದರ ಉಸಿರು ಬಿದ್ದು, ಅವರು ಅರ್ಧ ಹೊಲಿದ ಪ್ಯಾಂಟಿನಲ್ಲೇ ಬೀದಿಗೆ ಇಳಿದರು. ಅತ್ತೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಕೋಟು ಮೂರು ಸಲ ಬಿಗಿಯಾಯಿತು. ಮೂರು ಸಲವೂ ಅತ್ತೆ ಹೊಲಿಗೆ ಬಿಚ್ಚಿ ಅಗಲ ಮಾಡಿದರು, ಹಳೆಯ ಗೆರೆಗಳ ಮೇಲೆ ಕೆಂಪು, ಹಸಿರು, ನೀಲಿ ದಾರ ಓಡಿಸಿದರು. ಬಿಚ್ಚುವಾಗ ಅವರ ಮುಖದಲ್ಲಿ ಹೆಮ್ಮೆ ಕಾಣುತ್ತಿತ್ತು.

ಮೂರು ತಿಂಗಳು ತುಂಬಿದ ದಿನ ಕೇಂದ್ರದ ಪ್ರಾಣಿಗಳ ಡಾಕ್ಟರಮ್ಮ ಬಂದರು. ಕೆಲಸಕ್ಕೆ ಹೊಸಬರು, ಗುಂಡಿಯನ್ನು ಹಿಂದೆ ಕಂಡವರಲ್ಲ. ಬೇರೆ ಎರಡು ಕುದುರೆಗಳನ್ನು ಫಾರ್ಮಿಗೆ ಸಾಗಿಸುವ ವಾಹನದಲ್ಲೇ ಬಂದಿದ್ದರು. ಅದು ಡಿಪೋದ ಗೇಟಿನ ಮುಂದೆ ನಿಂತಿತ್ತು. ಗುಂಡಿ ಅವರಿಗೆ ಅಳತೆ ಕೊಟ್ಟಿತು, ಅತ್ತೆ ಕೊರಳು ಹಿಡಿದು ನಿಂತಿದ್ದರಿಂದ. ಡಾಕ್ಟರಮ್ಮ ಟೇಪನ್ನು ಮೈಗೆ ಅಂಟುವಂತೆ ಎಳೆದು ಹಿಡಿದರು.

"ಅಷ್ಟು ಬಿಗಿ ಹಿಡಿದರೆ ಉಸಿರು ಹೇಗೆ ಬಿಡುತ್ತೆ ಡಾಕ್ಟ್ರೇ?" ಎಂದರು ಅತ್ತೆ.

"ಹೀಗೇ ಅಳೀಬೇಕು ಅಮ್ಮ. ಅರವತ್ತೊಂದೂವರೆ." ಡಾಕ್ಟರಮ್ಮ ಕಾಗದ ನೋಡಿದರು, ಮತ್ತೆ ಟೇಪು ನೋಡಿದರು. "ಇಲ್ಲಿ ಅರವತ್ತೆರಡು ಅಂತಿದೆ. ಬಂದಾಗಿನದಕ್ಕಿಂತ ಅರ್ಧ ಇಂಚು ಇಳಿದಿದೆ."

ಬಿಗಿ ಎಳೆದ ಆ ಟೇಪು ನೋಡಿದ ಕ್ಷಣವೇ ನನಗೆ ಎಲ್ಲ ಹೊಳೆದಿತ್ತು; ಅತ್ತೆಗೂ ಹೊಳೆದಿತ್ತು. ಹೇಳಲು ಬಾಯಿ ತೆರೆದೆ. ಅತ್ತೆ ಒಂದು ನೋಟದಲ್ಲಿ ನನ್ನನ್ನು ಸುಮ್ಮನಿರಿಸಿದರು.

ಹಳೆಯ ಫೋಟೋ ಇದೆಯೇ ಎಂದು ಡಾಕ್ಟರಮ್ಮ ಫೈಲಿನಲ್ಲಿ ಹುಡುಕಿದರು. ಒಂದಿತ್ತು. ಹನ್ನೊಂದು ಕುದುರೆಗಳ ಗುಂಪು ಫೋಟೋ, ಅದರಲ್ಲಿ ಗುಂಡಿಯ ಪಾಲಿಗೆ ಬಂದದ್ದು ಯಾರದೋ ಬೆನ್ನಿನ ಹಿಂದಿನ ಎರಡು ಕಿವಿ. ಅವರು ಫೈಲು ಮುಚ್ಚಿದರು. ಕೆಟ್ಟ ಮನಸ್ಸಿನವರಲ್ಲ, ಅವರ ಮುಖವೂ ಸಣ್ಣದಾಗಿತ್ತು.

"ನೀವು ಪ್ರೀತಿಯಿಂದ ನೋಡಿಕೊಂಡಿದ್ದೀರ, ಕಾಣುತ್ತೆ. ಆದರೆ ಮೂರು ತಿಂಗಳು ತಿಂದೂ ಇಳೀತಿದೆ ಅಂದರೆ ಒಳಗೆ ಏನೋ ತೊಂದರೆ ಇರಬೇಕು. ಫಾರ್ಮಲ್ಲಿ ಆದರೆ ದಿನಾ ನೋಡೋಕೆ ಡಾಕ್ಟರ್ ಇರ್ತಾರೆ. ವಾಹನ ಹೇಗೂ ಹೊರಟಿದೆ." ಅತ್ತೆಯ ಕೈಯಲ್ಲಿದ್ದ ಹಗ್ಗ ನೋಡಿ ಹೇಳಿದರು, "ನೀವೇ ಹತ್ತಿಸಿಕೊಡಿ ಅಮ್ಮ. ನೀವು ಹಿಡಿದರೆ ಬರುತ್ತೆ."

ನನಗೆ ಆ ಫ್ರಾಕು ನೆನಪಾಯಿತು. ಹಗ್ಗ ಅವರ ಕೈಯಲ್ಲೇ ಇತ್ತು. ಗುಂಡಿ ಅವರ ಭುಜಕ್ಕೆ ಮೂಗು ತಾಗಿಸಿ, ಹೇಳಿದರೆ ಎಲ್ಲಿಗಾದರೂ ಬರುತ್ತೇನೆಂಬಂತೆ ನಿಂತಿತ್ತು. ಬೇಲಿಯಾಚೆ ಸೈಕಲ್ ಅಂಗಡಿಯವರು, ಅವರ ಪಕ್ಕದಲ್ಲಿ ಫೋಟೋ ಸ್ಟುಡಿಯೋದವರು, ಇನ್ನೂ ನಾಲ್ಕು ಮಂದಿ ಗಿರಾಕಿಗಳು. ನಲವತ್ತು ವರ್ಷ ಅತ್ತೆಯ ಅಳತೆಯನ್ನು ನಂಬಿ ಬಟ್ಟೆ ಹಾಕಿಕೊಂಡವರೆಲ್ಲ ಅಲ್ಲಿದ್ದರು.

"ನನ್ನ ಅಳತೆ ತಪ್ಪು" ಎಂದರು ಅತ್ತೆ.

ಎಲ್ಲರಿಗೂ ಕೇಳಿಸಿತು. ಡಾಕ್ಟರಮ್ಮನಿಗೆ ಅರ್ಥವಾಗಲಿಲ್ಲ.

"ಅರವತ್ತೆರಡು ಅದರ ಮೈಯಲ್ಲ ಡಾಕ್ಟ್ರೇ. ನಾನು ದರ್ಜಿ. ಒಳಗೆ ಬೆರಳಿಟ್ಟು ಅಳೆದೆ, ಈ ಕಡೆ ಎರಡು, ಆ ಕಡೆ ಎರಡು. ಬಟ್ಟೆಗೆ ಅಳೆದ ಹಾಗೆ ಅಳೆದು ಸಹಿ ಹಾಕಿಬಿಟ್ಟೆ. ತಪ್ಪು ನಂದು, ಕುದುರೇದಲ್ಲ."

"ನಿಮ್ಮ ಮಾತು ನಂಬ್ತೀನಿ ಅಮ್ಮ. ಆದರೆ ಕಾಗದಕ್ಕೆ ಏನು ಬರೀಲಿ ನಾನು? ಆಗ ನಿಜವಾಗಿ ಎಷ್ಟಿತ್ತು ಅಂತ ಯಾರಿಗೆ ಗೊತ್ತು?"

ಅತ್ತೆ ಹಗ್ಗವನ್ನು ನನ್ನ ಕೈಗೆ ಕೊಟ್ಟು ಶೆಡ್ಡಿನೊಳಗೆ ಹೋದರು. ಬೂದು ಕೋಟನ್ನು ತಂದು ಒಳಮಗ್ಗುಲು ಹೊರಗೆ ಮಾಡಿ, ಸೌದೆ ಕಡಿಯುತ್ತಿದ್ದ ದಿಮ್ಮಿಯ ಮೇಲೆ ಹರಡಿದರು. ಒಳಗಿನ ಬಣ್ಣದ ಸಾಲುಗಳ ಮೇಲೆ ಬೆರಳಿಟ್ಟು ತೋರಿಸಿದರು.

"ಕೆಂಪು ದಾರ, ಮೊದಲ ಹೊಲಿಗೆ. ಕೋಟಿನ ಸುತ್ತು ಅಲ್ಲಿ ಎಷ್ಟಿತ್ತು, ನಿಮ್ಮ ಟೇಪಲ್ಲೇ ನೋಡಿ."

ಡಾಕ್ಟರಮ್ಮ ಅಳೆದರು. ಅರವತ್ತೆರಡು. ಕಾಗದದಲ್ಲಿ ಇದ್ದದ್ದೇ.

"ಹಸಿರು, ಒಂದು ತಿಂಗಳಾದ ಮೇಲೆ ಬಿಚ್ಚಿದ್ದು. ನೀಲಿ, ಆಮೇಲಿಂದು. ಈ ಬಿಳಿ ಹೊಲಿಗೆ ಹೋದ ವಾರದ್ದು. ಈಗ ಅಳೀರಿ."

ಅರವತ್ತೈದೂವರೆ. ಡಾಕ್ಟರಮ್ಮ ಕೋಟನ್ನು ಗುಂಡಿಗೆ ಹಾಕಿಸಿದರು, ಆರೂ ಗುಂಡಿ ಹಾಕಿದರು, ಒಳಗೆ ಕೈ ತೂರಿಸಿದರು. ಈ ಕಡೆ ಎರಡು ಬೆರಳು ನಿಲ್ಲಿಸುವಷ್ಟು ಸಡಿಲ, ಆ ಕಡೆ ಎರಡು ಬೆರಳು ನಿಲ್ಲಿಸುವಷ್ಟು ಸಡಿಲ. ಒಟ್ಟು ನಾಲ್ಕು ಇಂಚು. ಮೊದಲ ಅಳತೆಗೂ ಸೇರಿದ್ದದ್ದು ಅಷ್ಟೇ ಸಡಿಲ. ಆಮೇಲೆ ಒಳಗಿನ ಹೊಲಿಗೆಯ ಮೇಲೆ ಬೆರಳಾಡಿಸುತ್ತ ತಮ್ಮಷ್ಟಕ್ಕೆ ಲೆಕ್ಕ ಹಾಕಿದರು: ಬಂದಾಗ ಐವತ್ತೆಂಟು, ಈಗ ಅರವತ್ತೊಂದೂವರೆ.

"ಮೂರೂವರೆ ಇಂಚು ಹೆಚ್ಚಿದೆ" ಎಂದರು. "ಯಾವ ಡಾಕ್ಟರೂ ಇಷ್ಟು ಚೆನ್ನಾಗಿ ಬರೆದಿಡೋದಿಲ್ಲ ಅಮ್ಮ."

ಕಾಗದದಲ್ಲಿ ಅರವತ್ತೆರಡನ್ನು ಹೊಡೆದುಹಾಕಿ ಪಕ್ಕದಲ್ಲಿ 'ಅಳತೆ ತಪ್ಪಿದೆ' ಎಂದು ಬರೆದು ಸಹಿ ಮಾಡಬೇಕಾಗಿತ್ತು. ಅತ್ತೆ ಬರೆದರು. ಮೊದಲಿನಷ್ಟೇ ದಪ್ಪ ಅಕ್ಷರ. ವಾಹನ ಎರಡೇ ಕುದುರೆಗಳೊಂದಿಗೆ ಹೊರಟುಹೋಯಿತು. ಅದು ಬೀದಿ ತಿರುಗುವ ತನಕ ಗಟ್ಟಿಯಾಗಿ ನಿಂತಿದ್ದ ಅತ್ತೆ, ಆಮೇಲೆ ದಿಮ್ಮಿಯ ಮೇಲೆ ಕುಳಿತು ಬಿಕ್ಕಿ ಬಿಕ್ಕಿ ಅತ್ತರು. ಗುಂಡಿ ತನ್ನ ಕೋಟಿನ ಜೇಬಿನಲ್ಲಿ ಕ್ಯಾರೆಟ್ ಹುಡುಕುತ್ತಿತ್ತು. ಬೇಲಿಯಾಚೆಯಿಂದ ಫೋಟೋ ಸ್ಟುಡಿಯೋದವರು ಮೆಲ್ಲನೆ ಕೇಳಿದರು, "ಹಾಗಾದರೆ ಅದಕ್ಕೆ ಹೊಲಿಗೆ ಪುಕ್ಕಟೆ ತಾನೆ?"

"ಪುಕ್ಕಟೆನೇ" ಎಂದು ಅತ್ತೆ ಅಳುವಿನ ನಡುವೆಯೇ ಹೇಳಿದರು.

ಸಂಜೆ ಹಲಗೆ ಇಳಿಯಿತು. ನಾಚಿಕೆಯಿಂದಲೇ ಎಂದು ಕೇಳಿದೆ. "ನಾಚಿಕೆ ಏನು ಬಂತು? ಶೆಡ್ಡಿನ ಗೋಡೇಲಿ ಒಂದು ಕಡೆ ಗಾಳಿ ನುಗ್ತಿದೆ, ಅಷ್ಟು ಅಗಲದ ಹಲಗೆ ಬೇರೆ ಎಲ್ಲಿದೆ?" ಎಂದರು. ಅಪ್ಪ ಅದನ್ನು ಅಕ್ಷರ ಒಳಗೆ ಕಾಣುವ ಹಾಗೆ ಮೊಳೆ ಹೊಡೆದ, ಗುಂಡಿ ಓದಿಕೊಳ್ಳಲಿ ಎಂದು.

ಗುಂಡಿ ನಮ್ಮಲ್ಲಿ ಹನ್ನೊಂದು ವರ್ಷ ಇತ್ತು. ಕೊನೆಯ ಎರಡು ಚಳಿಗಾಲ ಅದು ಇಳಿಯತೊಡಗಿದಾಗ ಅತ್ತೆ ಕೋಟನ್ನು ಒಳಗೆ ಹಿಡಿದು ಕಿರಿದು ಮಾಡಿದರು, ಮೊದಲು ನೀಲಿ ಗೆರೆಗೆ, ಆಮೇಲೆ ಹಸಿರಿಗೆ. ದಾರಿ ಅಲ್ಲೇ ಇತ್ತು. ಕೆಂಪಿಗೆ ಬರುವ ಮೊದಲೇ ಒಂದು ಮಧ್ಯಾಹ್ನ, ಯಂತ್ರದ ಸದ್ದು ಕೇಳುತ್ತಿರುವಾಗಲೇ, ಗುಂಡಿ ಹಿಂಬಾಗಿಲ ಬಳಿ ಮಲಗಿ ಏಳಲಿಲ್ಲ. ಅತ್ತೆ ಅವತ್ತು ಉಳಿದ ಹೊಲಿಗೆ ಮುಗಿಸಲಿಲ್ಲ. ಕೋಟನ್ನು ಒಗೆದು, ಇಸ್ತ್ರಿ ಮಾಡಿ, ಬೀರುವಿನಲ್ಲಿ ಇಟ್ಟರು.

ಅದಾಗಿ ನಾಲ್ಕು ವರ್ಷಕ್ಕೆ ಅತ್ತೆ ಹಾಸಿಗೆ ಹಿಡಿದರು. ಆ ಗಟ್ಟಿ ಆಳು ದಿನದಿಂದ ದಿನಕ್ಕೆ ಕರಗುತ್ತಿದ್ದರು. ನಾನು ಅವರ ಬಟ್ಟೆಗಳನ್ನು ಒಳಗೆ ಹಿಡಿಯುತ್ತಿದ್ದೆ, ಹೊಲಿಗೆ ಬದಲಾದಲ್ಲೆಲ್ಲ ಬಣ್ಣದ ದಾರ ಓಡಿಸುತ್ತಿದ್ದೆ. ಎಷ್ಟು ಹೊದಿಸಿದರೂ ಚಳಿ ಎನ್ನುತ್ತಿದ್ದರು. ಒಂದು ದಿನ ಬೀರುವಿನ ಕಡೆ ಕೈ ತೋರಿಸಿದರು. ಗುಂಡಿಯ ಕೋಟನ್ನು ತಂದು ಹೊದಿಸಿ, ಮಡಿಕೆಯನ್ನು ಕೆಳಗಿಂದ ತಂದು ಗುಂಡಿ ಹಾಕಿದೆ. ಅವರು ಅದರೊಳಗೆ ಎಲ್ಲೋ ಇದ್ದರು.

"ತುಂಬ ದೊಡ್ಡದಾಯ್ತು ಅತ್ತೆ. ಒಳಗೆ ಹಿಡೀಲಾ?"

ಅವರು ಜೇಬಿನೊಳಗೆ ಕೈ ಇಟ್ಟುಕೊಂಡರು.

"ಬೇಡ ಕಣೇ. ಹೀಗೇ ಇರಲಿ. ಆರಾಮಾಗಿ ಉಸಿರಾಡಬಹುದು."